ಓಡಿಸೋದು ಯಾಕೆ ಬೇಕು ತಾತ?

ಈ ಭಾನುವಾರ ಬೆಳಗ್ಗೆ ಬೆಂಗಳೂರಿನ ನಮ್ಮ ಹನುಮಂತನಗರದ ರಸ್ತೆಯಲ್ಲಿ ಅಪ್ಪ ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ನಿಂತಿದ್ದರು. ನನ್ನ ಮಗಳು ಹೆಜ್ಜೆ ಎಣಿಸಿಕೊಂಡು 25 ಮೀಟರ್ ಆಚೆ ಹೋಗಿ, ಅಲ್ಲಿ ನಿಂತಿದ್ದ ಕಾರಿನ ನಂಬರ್ ಪ್ಲೇಟ್ ತೋರಿಸಿ, "ಓದಿ ತಾತ" ಅಂತ ಕೂಗಿದಳು.

ಅಪ್ಪನ ಲೈಸೆನ್ಸ್ ಮುಗಿಯುತ್ತಾ ಬಂದಿದೆ. ಅವರಿಗೆ ಈಗ 75. ಈ ವಯಸ್ಸಿನಲ್ಲಿ ಐದೈದು ವರ್ಷಕ್ಕೆ ಮಾತ್ರ ರಿನ್ಯೂ ಮಾಡುತ್ತಾರೆ, ಜೊತೆಗೆ ಡಾಕ್ಟರ್ ಸಹಿ ಹಾಕಿದ ಫಾರ್ಮ್ 1ಎ ಬೇಕು. ಒಳ್ಳೆಯ ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಇವರಿಗೆ ಕಾಣುತ್ತಾ ಅನ್ನುವುದು ಆ ಫಾರ್ಮಿನಲ್ಲಿರುವ ಒಂದು ಪ್ರಶ್ನೆ. ಅಪ್ಪ ಯಾವ ಕೆಲಸಕ್ಕೂ ತಯಾರಿ ಇಲ್ಲದೆ ಹೋಗುವವರಲ್ಲ. ಡಾಕ್ಟರ್ ಹತ್ತಿರ ಹೋಗುವ ಮೊದಲು ಮನೆ ಮುಂದೆಯೇ ಒಂದು ಸಲ ನೋಡಿಬಿಡೋಣ ಅಂದುಕೊಂಡಿದ್ದರು.

ಮೊದಲನೇ ಕಾರಿನ ನಂಬರನ್ನು ಪಟಪಟ ಅಂತ ಓದಿದರು. ಮಗಳು ಬಿಡಲಿಲ್ಲ. "ಇದು ಎದುರು ಮನೆ ಅಂಕಲ್ ಗಾಡಿ ತಾತ, ನಿಮಗೆ ಬಾಯಿಪಾಠ. ಆ ಕಡೆ ಗೂಡ್ಸ್ ಆಟೋದು ಓದಿ" ಅಂದಳು. ಅಪ್ಪ ಕಣ್ಣು ಕಿರಿದು ಮಾಡಿದರು. ಕತ್ತು ಸ್ವಲ್ಪ ಮುಂದೆ ಚಾಚಿದರು. ಕೊನೆಗೆ ಕೈ ಇಳಿಸಿ, "ಬಿಸಿಲು ಹೊಡೀತಿದೆ ಕಣಮ್ಮ" ಅಂದರು. ಬಿಸಿಲು ಇನ್ನೂ ನಮ್ಮ ರಸ್ತೆಗೆ ಬಂದೇ ಇರಲಿಲ್ಲ.

ಆಮೇಲೆ ಗೇಟಿನ ಹತ್ತಿರ ನಡೆದ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. "ಲೈಸೆನ್ಸ್ ಇಲ್ಲದೆ ಹೇಗಮ್ಮ ಇರೋದು?" ಅಂತ ಅಪ್ಪ ಕೇಳಿದರು. ಮಗಳು ನಗುತ್ತಲೇ, "ನಾನೂ ಹಾಗೇ ಇಲ್ವಾ ತಾತ? ಹೋಗೋದು ತಾನೇ ಮುಖ್ಯ, ಓಡಿಸೋದು ಯಾಕೆ ಬೇಕು?" ಅಂದಳು. ಅವಳಿಗೆ 21. ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್ ಕೂಡ ಮಾಡಿಸಿಲ್ಲ. ಮಾಡಿಸು ಅಂತ ನಾನು ಹೇಳಿದಾಗೆಲ್ಲ "ಆಮೇಲೆ" ಅನ್ನುತ್ತಾಳೆ. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು, ತಾತನಿಗೆ ಧೈರ್ಯ ಹೇಳೋಣ ಅಂತಲೇ ಹೇಳಿದ್ದು. ಅಪ್ಪ ಏನೂ ಹೇಳದೆ ಒಳಗೆ ಹೋಗಿ ಪೇಪರ್ ತೆಗೆದರು.

ಓಡಿಸೋದು ಯಾಕೆ ಬೇಕು? ವಾರವೆಲ್ಲಾ ಇದನ್ನೇ ಯೋಚಿಸುತ್ತಿದ್ದೇನೆ.

ಅಪ್ಪ ಕೆಲಸ ಮಾಡಿದ್ದು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ. ಫ್ಯಾಕ್ಟರಿಗೆ ಒಂದು ದಿನವೂ ಕಾರಿನಲ್ಲಿ ಹೋದವರಲ್ಲ. ಬೆಳಗಾಗುವ ಹೊತ್ತಿಗೆ ಕಂಪನಿ ಬಸ್ಸು ಬರುತ್ತಿತ್ತು, ಸ್ಟಾಪಿನಲ್ಲಿ ಊಟದ ಕ್ಯಾರಿಯರ್ ಹಿಡಿದವರ ಸಾಲೇ ಇರುತ್ತಿತ್ತು. ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್, ಐಟಿಐ ಅಂತ ಸರ್ಕಾರಿ ಫ್ಯಾಕ್ಟರಿಗಳಿಗೆ ಊರಿನ ಅರ್ಧ ಜನ ಹೀಗೇ ಕೆಲಸಕ್ಕೆ ಹೋಗಿ ಬರುತ್ತಿದ್ದ ಕಾಲ. 1985ರಲ್ಲಿ ಸೆಕೆಂಡ್ ಹ್ಯಾಂಡ್ ಪ್ರೀಮಿಯರ್ ಪದ್ಮಿನಿ ಕೊಂಡಾಗಲೂ ಅದು ಆಫೀಸಿಗಲ್ಲ. ಆ ಗಾಡಿಗೆ ಎಲ್ಲರೂ ಫಿಯೆಟ್ ಅಂತಲೇ ಅನ್ನುತ್ತಿದ್ದದ್ದು. ಗೇರು ಸ್ಟೀರಿಂಗ್ ಪಕ್ಕದಲ್ಲಿ, ಮುಂದಿನ ಸೀಟು ಬೆಂಚಿನ ಥರ ಉದ್ದಕ್ಕೆ. ಚಳಿಗಾಲದ ಬೆಳಗ್ಗೆ ಚೋಕ್ ಎಳೆದು, ಅದು ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಗುವವರೆಗೂ ನಾವೆಲ್ಲ ಕಾಯಬೇಕು. ಬಾನೆಟ್ ಎತ್ತಿ ರೇಡಿಯೇಟರ್ ನೀರು ನೋಡದೆ ಅಪ್ಪ ಗಾಡಿ ತೆಗೆದಿದ್ದನ್ನು ನಾನು ಕಂಡಿಲ್ಲ.

ಆ ಫಿಯೆಟ್ ಬೀದಿಗೆಲ್ಲ ಸೇರಿದ್ದು. ರಾತ್ರಿ ಯಾರದೋ ಮನೆಯಲ್ಲಿ ಹೆರಿಗೆ ನೋವು ಅಂದರೆ ನಮ್ಮ ಬಾಗಿಲು ತಟ್ಟುತ್ತಿದ್ದರು, ಅಪ್ಪ ಲುಂಗಿ ಬಿಚ್ಚಿ ಪ್ಯಾಂಟ್ ಹಾಕಿಕೊಳ್ಳುವಷ್ಟರಲ್ಲಿ ಅಮ್ಮ ಹಿಂದಿನ ಸೀಟಿಗೆ ಹಳೇ ಬೆಡ್‌ಶೀಟ್ ಹಾಸಿರುತ್ತಿದ್ದಳು, ಗಾಡಿ ನೇರ ವಾಣಿ ವಿಲಾಸ ಆಸ್ಪತ್ರೆಗೆ. ಮದುವೆ ಮನೆಯಿಂದ ಮುದುಕರನ್ನು ಬಿಟ್ಟು ಬರುವುದು, ಆಯುಧ ಪೂಜೆಗೆ ಬೀದಿಯ ಮಕ್ಕಳನ್ನೆಲ್ಲ ತುಂಬಿಕೊಂಡು ಗಾಳಿ ಆಂಜನೇಯ ದೇವಸ್ಥಾನಕ್ಕೆ ಹೋಗುವುದು, ಎಲ್ಲಾ ಅಪ್ಪನ ಕೆಲಸ. ಯಾರಾದರೂ ಪೆಟ್ರೋಲಿಗೆ ದುಡ್ಡು ಕೊಡಲು ಬಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಹಾಗಾಗಿ ಅಪ್ಪನಿಗೆ ಓಡಿಸುವುದು ಅಂದರೆ ಇನ್ನೊಬ್ಬರನ್ನು ಮುಟ್ಟಿಸುವುದು.

ನನ್ನದು ಬೇರೆ ಕಥೆ. ನಾನು ಕಲಿತದ್ದು 1996ರಲ್ಲಿ, ಮಾರುತಿ 800ನಲ್ಲಿ. ಜ್ಞಾನಭಾರತಿಯ ಖಾಲಿ ರಸ್ತೆಗಳಲ್ಲಿ ಸ್ಟೀರಿಂಗ್ ಹಿಡಿಯಲು ಬಂದ ಮೇಲೆ ಅಪ್ಪ ನನ್ನನ್ನು ರಾಮಾಂಜನೇಯ ಗುಡ್ಡದ ಪಕ್ಕದ ಏರಿಗೆ ಕರೆತಂದರು. ನಡುವೆ ಗಾಡಿ ನಿಲ್ಲಿಸು ಅಂದರು. "ಬ್ರೇಕ್ ಬಿಡು. ಹಾಫ್ ಕ್ಲಚ್‌ನಲ್ಲೇ ನಿಲ್ಲಬೇಕು, ಹಿಂದಕ್ಕೂ ಹೋಗಬಾರದು ಮುಂದಕ್ಕೂ ಹೋಗಬಾರದು." ಎಡಗಾಲು ಗಡಗಡ ನಡುಗುತ್ತಿತ್ತು. ಕ್ಲಚ್ಚಿನ ಸುಟ್ಟ ವಾಸನೆ ಬರುತ್ತಿತ್ತು. ಕಾಲು ಎಷ್ಟು ಎತ್ತಿದಾಗ ಇಂಜಿನ್ ಹಿಡಿದುಕೊಳ್ಳುತ್ತೆ ಅನ್ನುವುದು ಮೈಗೆ ಗೊತ್ತಾದ ಕ್ಷಣ ಇದೆಯಲ್ಲ, ಅದನ್ನು ನಾನು ಮರೆಯಲ್ಲ. ಅದಾದ ಮೇಲೆ ರಾತ್ರಿ ಯಾರನ್ನೂ "ಸ್ವಲ್ಪ ಬಿಟ್ಟು ಬರ್ತೀರಾ" ಅಂತ ಕೇಳಬೇಕಾಗಲಿಲ್ಲ. ನಮ್ಮ ಕಾಲದ ಹೆಣ್ಣುಮಕ್ಕಳಿಗೆ ಲೈಸೆನ್ಸ್ ಅಂದರೆ ಅದು.

ಆದರೆ ನಮ್ಮ ತಲೆಮಾರಿನ ಬಗ್ಗೆ ನನಗೆ ಒಂದು ತಕರಾರಿದೆ, ಹೇಳಿಬಿಡುತ್ತೇನೆ. ಐದು ಜನ ಕೂರುವ ಕಾರನ್ನು ನಾವು ಒಬ್ಬೊಬ್ಬರ ರೂಮು ಮಾಡಿಕೊಂಡೆವು. ಸಿಲ್ಕ್ ಬೋರ್ಡ್‌ನಲ್ಲಿ ಅಕ್ಕಪಕ್ಕದ ಗಾಡಿಗಳನ್ನು ನೋಡಿ, ಹತ್ತರಲ್ಲಿ ಎಂಟರಲ್ಲಿ ಒಬ್ಬರೇ ಇರುತ್ತಾರೆ, ಎಸಿ ಹಾಕಿಕೊಂಡು ಫೋನಿನಲ್ಲಿ ಮೀಟಿಂಗ್ ಮಾಡುತ್ತಾ. ಊರಿನಲ್ಲಿ ವಾಹನಗಳು ಒಂದು ಕೋಟಿ ದಾಟಿವೆ. ಗೆದ್ದೆ ಅಂತ ತೋರಿಸಲು ಇಎಂಐ ಕಟ್ಟಿ ದೊಡ್ಡ ದೊಡ್ಡ ಗಾಡಿ ತಂದವರು, ಮನೆಯಲ್ಲಿ ಜಾಗವಿಲ್ಲದೆ ಅದನ್ನು ಫುಟ್‌ಪಾತ್ ಮೇಲೆ ಹತ್ತಿಸಿದವರು, ಜಾಸ್ತಿ ಹಾರ್ನ್ ಹೊಡೆಯುವವರು, ಎಲ್ಲರೂ ನನ್ನ ವಯಸ್ಸಿನವರೇ. "ಎರಡು ಪೆಗ್ಗಿಗೆ ಏನಾಗುತ್ತೆ" ಅಂತ ಪಾರ್ಟಿ ಮುಗಿಸಿ ಸ್ಟೀರಿಂಗ್ ಹಿಡಿಯುವ ಗಂಡಸರೂ ನಮ್ಮ ಬ್ಯಾಚಿನವರೇ. ಮಗಳ ಗೆಳೆಯರು ಹಾಗೆ ಮಾಡುವುದನ್ನು ನಾನು ನೋಡಿಲ್ಲ. ಕುಡಿದರೆ ಕ್ಯಾಬ್, ಅಷ್ಟೇ.

ಸೀಟ್ ಬೆಲ್ಟ್ ವಿಷಯಕ್ಕೂ ಮನೆಯಲ್ಲಿ ಜಗಳ. ಹಿಂದಿನ ಸೀಟಿನವರೂ ಹಾಕಲೇಬೇಕು, ಇಲ್ಲದಿದ್ದರೆ 1000 ರೂಪಾಯಿ ದಂಡ. ದಂಡ ಬಿಡಿ, 2022ರಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ತೀರಿಕೊಂಡಾಗ ಅವರು ಹಿಂದೆ ಬೆಲ್ಟ್ ಇಲ್ಲದೆ ಕೂತಿದ್ದರು ಅನ್ನುವುದು ಎಲ್ಲರಿಗೂ ಗೊತ್ತಿದೆ. ಮಗಳು ಕೂತ ತಕ್ಷಣ ಟಕ್ ಅಂತ ಹಾಕಿಕೊಳ್ಳುತ್ತಾಳೆ. ಅಪ್ಪನಿಗೆ ಅದು ಅವಮಾನ. "ನನ್ನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ವಾ?" ಅಂತ ಕೇಳುತ್ತಾರೆ. ಇಳಿಜಾರು ಬಂದರೆ ನ್ಯೂಟ್ರಲ್‌ಗೆ ಹಾಕುವ ಅಭ್ಯಾಸವನ್ನೂ ಅವರು ಬಿಟ್ಟಿಲ್ಲ. ಕಾರ್ಬ್ಯುರೇಟರ್ ಗಾಡಿಯ ಕಾಲದಲ್ಲಿ ಅದರಿಂದ ಪೆಟ್ರೋಲ್ ಉಳಿಯುತ್ತಿತ್ತೇನೋ ಸರಿ. ಈಗಿನ ಗಾಡಿಗಳು ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಪೆಟ್ರೋಲನ್ನು ತಾವೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡುತ್ತಿರಲು ಕುಡಿಯುತ್ತಲೇ ಇರುತ್ತವೆ, ಮೇಲಾಗಿ ಇಂಜಿನ್ನಿನ ಹಿಡಿತ ತಪ್ಪಿ ಎಲ್ಲಾ ಭಾರ ಬ್ರೇಕಿನ ಮೇಲೆ. ಎಷ್ಟು ಹೇಳಿದರೂ ಅವರ ಎಡಗೈ ತಾನಾಗಿ ಗೇರಿಗೆ ಹೋಗುತ್ತೆ.

ಅದೇ ಅಪ್ಪ, ರಸ್ತೆ ದಾಟಲು ನಿಂತವರನ್ನು ಕಂಡರೆ ಎಲ್ಲಿದ್ದರೂ ಗಾಡಿ ನಿಲ್ಲಿಸುತ್ತಾರೆ. ಎದುರು ಗಾಡಿ ಬಂದರೆ ಲೈಟ್ ಡಿಪ್ ಮಾಡುತ್ತಾರೆ. ಹಿಂದಿನಿಂದ ಯಾರು ಎಷ್ಟು ಬಡಿದುಕೊಂಡರೂ ಅವರಿಗೆ ಲೆಕ್ಕವಿಲ್ಲ.

ಮಗಳ ಪ್ರಶ್ನೆಗೆ ಬರುತ್ತೇನೆ. ಅವಳು ಹೇಳಿದ್ದರಲ್ಲಿ ಅವಳ ಮಟ್ಟಿಗೆ ತಪ್ಪೇನಿಲ್ಲ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸು ಫ್ರೀ. ನ್ಯಾಷನಲ್ ಕಾಲೇಜ್ ಸ್ಟೇಷನ್ನಿಗೆ ನಡೆದುಕೊಂಡೇ ಹೋಗಿ ಮೆಟ್ರೋ ಹತ್ತುತ್ತಾಳೆ. 2025ರಲ್ಲಿ ಟಿಕೆಟ್ ದರ ಏರಿಸಿದ್ದಕ್ಕೆ ಬೈದುಕೊಂಡೇ ಹತ್ತುತ್ತಾಳೆ ಅನ್ನಿ. ಹಳದಿ ಲೈನ್ ಬಂದ ಮೇಲೆ ನಾನೂ ಎಷ್ಟೋ ದಿನ ಗಾಡಿ ಮನೆಯಲ್ಲೇ ಬಿಟ್ಟು ಆರ್‌ವಿ ರೋಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತೇನೆ. ಹಾಯಾಗಿದೆ.

ಬುಧವಾರ ಅಪ್ಪನಿಗೂ ಇದನ್ನೇ ಹೇಳಿದೆ. "ಮೆಟ್ರೋದಲ್ಲಿ ಹೋಗಬಹುದಲ್ಲ ಅಪ್ಪ?" ಅವರು ಪೇಪರ್ ಕೆಳಗಿಟ್ಟು, "ಬಾ, ನನ್ನ ಜೊತೆ ಸ್ಟೇಷನ್‌ವರೆಗೂ ನಡಿ" ಅಂದರು. ಹೊರಟೆವು. ನಮ್ಮ ತಿರುವಿನಲ್ಲೇ ಫುಟ್‌ಪಾತ್ ಮೊಣಕಾಲೆತ್ತರ. ಅಪ್ಪ ಕಂಬ ಹಿಡಿದು ಹತ್ತಿದರು. ನಾಲ್ಕು ಹೆಜ್ಜೆಗೆ ಟ್ರಾನ್ಸ್‌ಫಾರ್ಮರ್, ಇಳಿಯಬೇಕು. ಮತ್ತೆ ಹತ್ತಿದರೆ ಸಾಲಾಗಿ ಸ್ಕೂಟರ್‌ಗಳು. ಮುಂದೆ ಚಪ್ಪಡಿ ಕಿತ್ತುಹೋಗಿ ಒಳಗೆ ಮೋರಿ ಕಾಣುತ್ತಿತ್ತು. ನಾನು ಸುಮ್ನೆ ದಾಟಿಬಿಟ್ಟೆ, ಯೋಚಿಸಲೂ ಇಲ್ಲ. ತಿರುಗಿ ನೋಡಿದರೆ ಅಪ್ಪ ಆ ಕಡೆಯೇ ನಿಂತಿದ್ದರು. ಆಮೇಲೆ ಅವರು ರಸ್ತೆಗಿಳಿದು, ಬರುವ ಬೈಕುಗಳ ಮಧ್ಯೆ ಸುತ್ತು ಹಾಕಿಕೊಂಡು ಬಂದರು. ಸ್ಟೇಷನ್‌ವರೆಗೂ ಹೋಗಲಿಲ್ಲ, ಅರ್ಧಕ್ಕೇ ವಾಪಸ್ ಬಂದೆವು. ಬಸ್ಸಿನ ಕಥೆ ಕೇಳುವುದೇ ಬೇಡ. ಅದು ಸ್ಟಾಪಿನಲ್ಲಿ ನಿಲ್ಲದೆ ರಸ್ತೆ ಮಧ್ಯೆ ನಿಲ್ಲುತ್ತೆ, ಓಡಿ ಹತ್ತಬೇಕು, ಮೊದಲ ಮೆಟ್ಟಿಲು ಮಂಡಿ ನೋವಿನವರಿಗೆ ಗುಡ್ಡ ಹತ್ತಿದ ಹಾಗೆ.

ಮಗಳು ಕಾರು ಬೇಡ ಅನ್ನುತ್ತಿರುವುದು ಅವಳ ಕಾಲು ಗಟ್ಟಿ ಇರುವುದರಿಂದ. ಅಪ್ಪ ಕಾರು ಬಿಡದಿರುವುದು ಈ ಊರು ಅವರಿಗೆ ನಡೆಯಲು ಜಾಗ ಇಟ್ಟಿಲ್ಲದಿರುವುದರಿಂದ. ಹಳಬರಿಗೆ ಗಾಡಿ ಹುಚ್ಚು, ಹುಡುಗರಿಗೆ ಪರಿಸರದ ಕಾಳಜಿ ಅಂತೆಲ್ಲ ನಾವು ಹೇಳಿಕೊಂಡು ತಿರುಗುತ್ತೇವೆ. ಆ ಕಿತ್ತುಹೋದ ಚಪ್ಪಡಿಯ ಹತ್ತಿರ ನಿಂತು ನೋಡಿದರೆ ಹಾಗನ್ನಿಸುವುದಿಲ್ಲ.

ಮತ್ತೆ ಅಮ್ಮ ಇದ್ದಾಳೆ. ಅವಳು ಯಾವತ್ತೂ ಓಡಿಸಿದವಳಲ್ಲ, ಯಾರೂ ಕಲಿಸಲೂ ಇಲ್ಲ. ಗಾಂಧಿ ಬಜಾರಿನ ಹೂವು, ಗವಿಪುರದ ದೇವಸ್ಥಾನ, ತಂಗಿಯ ಮನೆ, ಎಲ್ಲಾ ಅಪ್ಪನ ಗಾಡಿಯಲ್ಲೇ. ನಂಬರ್ ಪ್ಲೇಟ್ ವಿಷಯ ಕೇಳಿ, ಸೊಪ್ಪು ಬಿಡಿಸುತ್ತಾ, "ಅವರು ಬಿಟ್ಟರೆ ನಾನೂ ಮನೇಲಿ ಕೂತ ಹಾಗೇ" ಅಂದಳು. ಒಬ್ಬರ ಲೈಸೆನ್ಸಿನಲ್ಲಿ ಇಬ್ಬರು ಓಡಾಡುತ್ತಿದ್ದರು ಅನ್ನುವುದು ಮಗಳಿಗೂ ಆಗಲೇ ಹೊಳೆದಿದ್ದು. ಅವಳ ಮುಖ ಸಣ್ಣಗಾಯಿತು.

ಗುರುವಾರ ಕಣ್ಣಿನ ಡಾಕ್ಟರ್ ನೋಡಿದರು. ಬಲಗಣ್ಣಿನಲ್ಲಿ ಪೊರೆ ಬಂದಿದೆ, ಆಪರೇಷನ್ ಆದರೆ ಚೆನ್ನಾಗಿ ಕಾಣುತ್ತೆ ಅಂದರು. ಅವಸರವೇನಿಲ್ಲ, ಅವಧಿ ಮುಗಿದು ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಮತ್ತೆ ಟೆಸ್ಟ್ ಕೊಡದೆ ರಿನ್ಯೂ ಆಗುತ್ತೆ. ಅಲ್ಲಿವರೆಗೂ ಅಪ್ಪ ಸ್ಟೀರಿಂಗ್ ಮುಟ್ಟಬಾರದು ಅಂತ ನಾನು ಖಡಾಖಂಡಿತ ಹೇಳಿದ್ದೇನೆ, ಅವರೂ ಒಪ್ಪಿದ್ದಾರೆ. ಆಪರೇಷನ್ ಮುಂದಿನ ತಿಂಗಳು. ಗಾಡಿ ನಾನೇ ತೆಗೆಯುತ್ತೇನೆ. ಹಿಂದೆ ಕೂತರೆ ಬೆಲ್ಟ್ ಹಾಕಲೇಬೇಕು ಅಂತ ಮಗಳು ಈಗಲೇ ತಾತನಿಗೆ ಹೇಳಿಟ್ಟಿದ್ದಾಳೆ.