ಕಡಿಯೋದಕ್ಕಲ್ಲ, ಕೊಯ್ಯೋದಕ್ಕೆ

ಹೋದ ವರ್ಷ ಮಳೆ ಹಿಡಿಯುವ ಮುಂಚೆ ತಗೊಂಡ ಚಾಕುವಿಗೆ ಈಗ ಒಂದು ವರ್ಷ ತುಂಬಿತು. ಒಂದು ಪೂರ್ತಿ ಮಳೆಗಾಲ, ಒಂದು ಕೊನೆಕೊಯ್ಲು (ಅಡಿಕೆ ಗೊನೆ ಇಳಿಸುವ ಕಾಲ), ಎರಡು ಹಲಸಿನ ಕಾಲ ನೋಡಿದೆ ಅದು. ತಗೊಂಡ ವಾರವೇ ಬರೆಯಬೇಕು ಅಂತಿದ್ದೆ. ಆಗ ಬರೆದಿದ್ದರೆ ಕಾಗದ ಎಷ್ಟು ಚೆನ್ನಾಗಿ ಕೊಯ್ಯುತ್ತದೆ ಅಂತ ಬರೆಯುತ್ತಿದ್ದೆ, ಅಷ್ಟೇ. ಹೊಸ ಚಾಕು ಎಲ್ಲವೂ ಕಾಗದ ಕೊಯ್ಯುತ್ತವೆ.

ನಮ್ಮದು ಸಾಗರದ ಹತ್ತಿರ ಒಂದೂವರೆ ಎಕರೆ ಅಡಿಕೆ ತೋಟ. ವಾರದಲ್ಲಿ ಆರು ದಿನ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬೆಳಿಗ್ಗೆ ಒಂದು ಗಂಟೆ ಮತ್ತು ಭಾನುವಾರ ಪೂರ್ತಿ ತೋಟ. ಮನೆಯಲ್ಲಿ ನಾಲ್ಕು ಕತ್ತಿ ಇವೆ. ನಾಲ್ಕೂ ಗಂಡಸರ ಕೈ ಅಳತೆಯವು. ನಾನು ತೋಟದಲ್ಲಿ ಮಾಡುವ ಕೆಲಸ ಬೇರೆ. ಮೆಣಸಿನ ಬಳ್ಳಿ ಕಟ್ಟಲು ಬಾಳೆ ನಾರು ಸೀಳುವುದು, ಅಡಿಕೆ ಹಾಳೆಯ ಅಂಚು ತೆಗೆಯುವುದು, ಊಟಕ್ಕೆ ಬಾಳೆಎಲೆ ಕೊಯ್ಯುವುದು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಗೂಟಕ್ಕೆ ಚೂಪು ಮಾಡುವುದು. ಇದಕ್ಕೆಲ್ಲ ಮುಕ್ಕಾಲು ಕೆಜಿ ಕತ್ತಿ ಬೀಸಿದರೆ ಸಂಜೆ ಹೊತ್ತಿಗೆ ಮಣಿಕಟ್ಟು ನೋಯುತ್ತದೆ. ಮರುದಿನ ಬೋರ್ಡಿನ ಮೇಲೆ ಬರೆಯುವಾಗ ಗೊತ್ತಾಗುತ್ತದೆ.

ಮೂರು ವರ್ಷದ ಹಿಂದೆ ಆನ್‌ಲೈನಿನಲ್ಲಿ ಒಂದು ಚಾಕು ತರಿಸಿದ್ದೆ. ಕಾಡಿನಲ್ಲಿ ಬದುಕಿ ಉಳಿಯಲು ಬೇಕಾದ್ದೆಲ್ಲ ಇದರಲ್ಲಿದೆ ಅಂತ ಬರೆದಿದ್ದರು. ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ, ಟೊಳ್ಳು ಹಿಡಿಯೊಳಗೆ ಬೆಂಕಿಕಡ್ಡಿ ಇಡುವ ಜಾಗ. ಎರಡನೇ ತಿಂಗಳಲ್ಲಿ ಒಣಗಿದ ವಾಟೆ (ಸಣ್ಣ ಬಿದಿರು) ಸೀಳಲು ಹೋದಾಗ ಅಲಗು ಹಿಡಿಯಿಂದ ಕಳಚಿ ಬಂತು. ಒಳಗೆ ನೋಡಿದರೆ, ಹಿಡಿಯೊಳಗೆ ಕೂರುವ ಅಲಗಿನ ಬಾಲ ಅಂತ ಇದ್ದದ್ದು ಕಿರುಬೆರಳಿನ ಅರ್ಧದಷ್ಟು. ಅದಕ್ಕೊಂದು ನಟ್ಟು. ನನ್ನ ಕೈಗೆ ಏನೂ ಆಗಲಿಲ್ಲ, ಪುಣ್ಯ. ಆದರೆ ಅವತ್ತು ಅಲಗು ಒಂದಿಂಚು ಆಚೆ ಹೋಗಿದ್ದರೆ ಪಕ್ಕದಲ್ಲಿ ಕೂತಿದ್ದ ಮಗಳ ಕಾಲಿಗೆ ಬೀಳುತ್ತಿತ್ತು. ಅದು ಇವತ್ತಿಗೂ ನೆನಪಾಗುತ್ತದೆ.

ಹಾಗಾಗಿ ಎರಡನೇ ಸಲ ತಗೊಳ್ಳುವಾಗ ನಿಧಾನ ಮಾಡಿದೆ. ಮೊದಲು ಒಂದು ಕಾಗದದಲ್ಲಿ ನಾನು ಮಾಡುವ ಕೆಲಸಗಳ ಕ್ರಿಯಾಪದ ಬರೆದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಮಾತಿದೆ ನೋಡಿ. ಕಡಿಯುವುದು, ಕೊಯ್ಯುವುದು, ಸೀಳುವುದು, ಸವರುವುದು, ಹೆರೆಯುವುದು, ಕೆತ್ತುವುದು, ಹೆಚ್ಚುವುದು, ಸುಲಿಯುವುದು. ಒಂದೊಂದಕ್ಕೂ ಮನೆಯಲ್ಲಿ ಒಂದೊಂದು ಸಾಧನ ಇದೆ. ಕಡಿಯಲು ಮತ್ತು ಸವರಲು ಕತ್ತಿ. ಹೆಚ್ಚಲು ಈಳಿಗೆಮಣೆ. ಅಡಿಕೆ ಸುಲಿಯಲು ಮೆಟ್ಟುಗತ್ತಿ. ನನ್ನ ಪಟ್ಟಿಯಲ್ಲಿ ಉಳಿದದ್ದು ಕೊಯ್ಯುವುದು, ಹೆರೆಯುವುದು, ಕೆತ್ತುವುದು, ಮತ್ತು ಸಣ್ಣದಾಗಿ ಸೀಳುವುದು. ಕಡಿಯುವುದು ಇರಲೇ ಇಲ್ಲ. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು.

ಯಾಕೆ ಅಂದರೆ ಕಡಿಯಲು ತೂಕ ಬೇಕು, ದಪ್ಪ ಬೇಕು. ಕೊಯ್ಯಲು ತೆಳು ಬೇಕು. ಎರಡೂ ಒಂದೇ ಸಣ್ಣ ಚಾಕುವಿನಲ್ಲಿ ಸಿಗುವುದಿಲ್ಲ. ಶಾಲೆಯ ಲ್ಯಾಬಿನ ವರ್ನಿಯರ್ ಕ್ಯಾಲಿಪರ್ಸ್‌ನಲ್ಲಿ ಅಳೆದೆ. ನಮ್ಮ ದೊಡ್ಡ ಕತ್ತಿಯ ಬೆನ್ನು 6 ಮಿಲಿಮೀಟರ್. ಮುರಿದುಹೋದ ಚಾಕು 5. ಅಂದರೆ ಆ ಚಾಕು ದಪ್ಪದಲ್ಲಿ ಕತ್ತಿ, ತೂಕದಲ್ಲಿ ಆಟಿಕೆ. ಕಡಿಯಲೂ ಬರುವುದಿಲ್ಲ, ಕೊಯ್ಯಲೂ ಬರುವುದಿಲ್ಲ. ಅಂಗಡಿಗಳಲ್ಲಿ, ಜಾಹೀರಾತುಗಳಲ್ಲಿ ದಪ್ಪ ಅಲಗನ್ನೇ ಗಟ್ಟಿ ಅಂತ ತೋರಿಸುತ್ತಾರೆ. ದಯವಿಟ್ಟು ಅದಕ್ಕೆ ಮರುಳಾಗಬೇಡಿ.

ಕೊನೆಗೆ ತಗೊಂಡದ್ದು ಸ್ವೀಡನ್ನಿನ ಮೊರಾಕ್ನಿವ್ ಕಂಪ್ಯಾನಿಯನ್, ತುಕ್ಕು ಹಿಡಿಯದ ಉಕ್ಕಿನದು. ಮೊರಾ ಅನ್ನುವುದು ಅಲ್ಲಿನ ಡಾಲಾರ್ನಾ ಪ್ರಾಂತ್ಯದ ಒಂದು ಊರು. ಚಾಕುವಿಗೇ ಹೆಸರಾದ ಊರು. ಈಗಿನ ಕಂಪನಿಯ ಬೇರು 1891ಕ್ಕೆ ಹೋಗುತ್ತದೆ. ಅಲಗು 10 ಸೆಂಟಿಮೀಟರಿಗಿಂತ ಚೂರು ಜಾಸ್ತಿ, ಬೆನ್ನು ಎರಡೂವರೆ ಮಿಲಿಮೀಟರ್. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟರೆ ಒರೆ ಸಮೇತ 120 ಗ್ರಾಂ ಒಳಗೇ ಬಂತು. ಉಕ್ಕಿನ ಹೆಸರು ಸ್ಯಾಂಡ್ವಿಕ್ 12ಸಿ27. ಅದರಲ್ಲಿ ಇಂಗಾಲ ಶೇ 0.6, ಕ್ರೋಮಿಯಂ ಶೇ 13.5ರಷ್ಟು. ಈ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲೊಂದು ತೆಳು ಪದರ ಕಟ್ಟಿಕೊಳ್ಳುತ್ತದೆ. ತುಕ್ಕನ್ನು ತಡೆಯುವುದು ಅದೇ. ಇದೇ ಚಾಕು ಕಾರ್ಬನ್ ಉಕ್ಕಿನಲ್ಲೂ ಸಿಗುತ್ತದೆ. ಅದನ್ನು ಮಸೆದರೆ ಇನ್ನೂ ಚೆನ್ನಾಗಿ ಬಾಯಿ (ಹರಿತವಾದ ಅಂಚು) ಬರುತ್ತದೆ ಅನ್ನುವವರಿದ್ದಾರೆ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಒಣಗದ ಊರು ನಮ್ಮದು. ನಾನು ಯೋಚನೆ ಮಾಡಲಿಲ್ಲ.

ಇದರ ಬಾಲವೂ ಹಿಡಿಯ ತುದಿಯವರೆಗೆ ಹೋಗುವುದಿಲ್ಲ. ಅದು ಗೊತ್ತಿದ್ದೇ ತಗೊಂಡೆ. ಮರದ ಕೊರಡಿನಿಂದ ಬೆನ್ನಿಗೆ ಬಡಿದು ಸೌದೆ ಸೀಳುವ ಆಸೆ ಇರುವವರಿಗೆ ಇದು ಬೇಡ. ಕೊಯ್ಯುವವರಿಗೆ ಸಾಕು.

ಈಗ ವರ್ಷದ ಲೆಕ್ಕ. ಎಲ್ಲಕ್ಕಿಂತ ಮೊದಲು ಹೇಳಬೇಕಾದ್ದು ಹಿಡಿಯ ಬಗ್ಗೆ. ಉಕ್ಕಿನ ಬಗ್ಗೆ ಪುಟಗಟ್ಟಲೆ ಓದಿದ್ದೆ. ಹಿಡಿಯ ಬಗ್ಗೆ ಯಾರೂ ಅಷ್ಟು ಬರೆಯುವುದಿಲ್ಲ. ಆದರೆ ಜುಲೈ ತಿಂಗಳಲ್ಲಿ, ಕಂಬಳಿಕೊಪ್ಪೆಯಿಂದ ನೀರು ಇಳಿದು ಮುಂಗೈ ಪೂರ್ತಿ ಒದ್ದೆಯಾಗಿ, ಕಾಲಿಗೆ ಇಂಬಳ (ಜಿಗಣೆ) ಹತ್ತಿಕೊಂಡಿರುವಾಗ ಕೈಯಲ್ಲಿ ನಿಲ್ಲುವುದು ಹಿಡಿ ಮಾತ್ರ. ಇದರದ್ದು ರಬ್ಬರಿನ ಹಾಗೆ ಮೆತ್ತಗಿನ ಹಿಡಿ, ಮುಂದೆ ಬೆರಳಿಗೊಂದು ಸಣ್ಣ ತಡೆ. ಹಲಸಿನ ಹಣ್ಣು ಬಿಡಿಸುವ ದಿನ ಕೈಗೆ, ಚಾಕುವಿಗೆ ಎಲ್ಲ ಎಣ್ಣೆ ಹಚ್ಚಿಕೊಂಡಿರುತ್ತೇವಲ್ಲ, ಅವತ್ತೂ ಜಾರಲಿಲ್ಲ. ನನ್ನ ಕೈ ಚಿಕ್ಕದು. ಹಿಡಿದಾಗ ನಡುಬೆರಳ ತುದಿ ಅಂಗೈ ಮುಟ್ಟಬೇಕು. ಅಂಗೈಯೊಳಗೆ ಚುಚ್ಚಿಕೊಂಡರೆ ಹಿಡಿ ಸಣ್ಣ ಆಯ್ತು, ಮುಟ್ಟದೇ ಇದ್ದರೆ ದಪ್ಪ ಆಯ್ತು. ಚಾಕು ಕೊಳ್ಳುವ ಹೆಂಗಸರಿಗೆ ನಾನು ಹೇಳುವ ಮೊದಲ ಮಾತು ಇದೇ. ಬೇರೆಯವರ ಕೈಗೆ ಒಗ್ಗಿದ್ದನ್ನು ನೋಡಿ ತರಿಸಬೇಡಿ. ಸಾಧ್ಯವಾದರೆ ಹಿಡಿದು ನೋಡಿ.

ಎರಡನೆಯದು ಮಸೆಯುವುದು. ಈ ಚಾಕುವಿನ ಎರಡೂ ಪಕ್ಕ ಒಂದೊಂದೇ ಅಗಲವಾದ ಇಳಿಜಾರು, ನೇರ ಬಾಯಿಯ ತನಕ. ಉತ್ತರ ಯುರೋಪಿನ ಚಾಕುಗಳ ಪದ್ಧತಿ ಇದು. ಆ ಇಳಿಜಾರನ್ನು ಕಲ್ಲಿನ ಮೇಲೆ ಮಟ್ಟಸವಾಗಿ ಮಲಗಿಸಿ ಉಜ್ಜಿದರೆ ಸಾಕು, ಕೋನ ತಾನಾಗೇ ಸರಿ ಕೂರುತ್ತದೆ. ಮೊದಲ ಸಲ ನಾನು ನಮ್ಮ ಅಂಗಳದ ಮಸೆಗಲ್ಲಿನ ಮೇಲೆ ಮಸೆದೆ. ಬಾಯಿ ಬರಲೇ ಇಲ್ಲ. ಅರ್ಧ ಗಂಟೆ ಮಸೆದ ಮೇಲೆ ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು ಎರಡೇ ಸಲ ಎಳೆದು ನೋಡಿದೆ. ಬಣ್ಣ ಹೋದದ್ದು ಮೇಲಿನ ಮತ್ತು ಕೆಳಗಿನ ಅಂಚಿನಲ್ಲಿ, ಅದೂ ಓರೆಯಾಗಿ. ಕಲ್ಲು ನೋಡಿದರೆ ನಡುವೆ ದೋಣಿಯ ಹಾಗೆ ತಗ್ಗಾಗಿದೆ. ನಮ್ಮ ಮಾವನವರ ಕಾಲದಿಂದ ಬಾಗಿದ ಕತ್ತಿಗಳನ್ನು ಮಸೆದ ಕಲ್ಲು ಅದು. ಕತ್ತಿಗೆ ಅದೇ ಸರಿ. ಮಟ್ಟಸ ಇಳಿಜಾರಿಗೆ ಮಟ್ಟಸ ಕಲ್ಲೇ ಬೇಕು. 1000 ನಂಬರಿನ ಒಂದು ಸಣ್ಣ ಕಲ್ಲು ತರಿಸಿದೆ. ಈಗ ಎರಡು ವಾರಕ್ಕೊಮ್ಮೆ ಐದು ನಿಮಿಷ, ಆಮೇಲೆ ಹಳೆ ಬೆಲ್ಟಿನ ಒಳಮೈ ಮೇಲೆ ಹಿಮ್ಮುಖವಾಗಿ ಹತ್ತು ಸಲ. ಸಾಕು.

ಬಾಯಿ ಬೇಗ ಹೋಗುವುದು ಯಾವುದರಿಂದ ಅಂದುಕೊಂಡಿದ್ದೀರಿ? ಮರದಿಂದ ಅಲ್ಲ. ತೆಂಗಿನ ಹಗ್ಗದಿಂದ ಮತ್ತು ಮಣ್ಣು ಮೆತ್ತಿದ ಹಾಳೆಯಿಂದ. ಹಾಳೆಯ ಸಂದಿಯಲ್ಲಿ ಮರಳು ಕೂತಿರುತ್ತದೆ. ಈಗ ಮೊದಲು ಹಾಳೆಯನ್ನು ಒಮ್ಮೆ ಕೊಡವುತ್ತೇನೆ.

ಹೆರೆಯುವುದರಲ್ಲಿ, ಕೆತ್ತುವುದರಲ್ಲಿ ಈ ಅಲಗಿಗೆ ಸಾಟಿ ಇಲ್ಲ. ಮಳೆಗಾಲದಲ್ಲಿ ಬಚ್ಚಲ ಒಲೆ ಹೊತ್ತಿಸಲು ಒಳಗಿನ ಒಣ ಸೌದೆಯಿಂದ ತೆಳುವಾಗಿ ಸುರುಳಿ ಎಬ್ಬಿಸುತ್ತೇನೆ. ಒಂದೇ ಕಡ್ಡಿಗೆ ಬೆಂಕಿ ಹಿಡಿಯುತ್ತದೆ. ಅತ್ತೆಗೆ ಈಗ ಸೀಮೆಎಣ್ಣೆ ನೆನಪೇ ಆಗುವುದಿಲ್ಲ. ಆದರೆ ಹೆಚ್ಚುವುದಕ್ಕೆ ಈ ಬಗೆಯ ಅಲಗು ಹೇಳಿ ಮಾಡಿಸಿದ್ದಲ್ಲ. ಇಳಿಜಾರು ಮುಗಿದಲ್ಲಿ ಒಂದು ಭುಜ ಇರುತ್ತದೆ. ಮಾವಿನಕಾಯಿ ಹೆಚ್ಚಲು ಹೋದರೆ ಅದು ಕೊಯ್ಯುವುದಿಲ್ಲ, ಬೆಣೆ ಹೊಡೆದ ಹಾಗೆ ಸೀಳುತ್ತದೆ. ಅದಕ್ಕೆ ಈಳಿಗೆಮಣೆ ಇದೆ, ಬಿಡಿ. ಕಸಿ ಕಟ್ಟುವವರಿಗೂ ಇದು ಆಗುವುದಿಲ್ಲ. ಅವರ ಚಾಕುವಿಗೆ ಒಂದೇ ಪಕ್ಕ ಇಳಿಜಾರು ಇರುತ್ತದೆ, ಕೊಯ್ದ ಮೈ ಮಟ್ಟಸವಾಗಿ ಬರಬೇಕಲ್ವಾ.

ಕಾನೂನಿನ ಮಾತು ಒಂದು. ಮನೆಗೆಲಸಕ್ಕೆ, ಕೃಷಿಗೆ ಅಂತ ಮಾಡಿದ್ದು ಬಿಟ್ಟು, ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯೊಳಗೆ ಬರುತ್ತದೆ. ಇದು 4 ಇಂಚಿನ ಆಸುಪಾಸು, ಆ ಅಳತೆಯೊಳಗೇ ಇದೆ. ಹಾಗಂತ ಎಲ್ಲ ಕಡೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವುದಲ್ಲ. ವಿಮಾನದ ಕೈಚೀಲದಲ್ಲಿ ಬಿಡುವುದಿಲ್ಲ. ನಾನು ತೋಟದಿಂದ ಬಂದ ತಕ್ಷಣ ಮೇಲಿನ ನಾಗಂದಿಗೆ ಮೇಲೆ ಇಡುತ್ತೇನೆ. ಶಾಲೆಯ ಬ್ಯಾಗಿಗೆ ಮರೆತೂ ಹೋಗಬಾರದು ಅಂತಲೇ ಆ ಜಾಗ.

ಇನ್ನು ನನಗೆ ಹೆಚ್ಚು ಖುಷಿ ಕೊಟ್ಟ ಭಾಗ. ಅಕ್ಟೋಬರಿನಲ್ಲಿ ಈ ಚಾಕು ಹಿಡಿದು ನಮ್ಮ ಕಡೆಯ ಕುಲುಮೆಗೆ ಹೋದೆ. ಇಂಥದ್ದೇ ಒಂದು ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಮಾಡಿಕೊಡಿ ಅಂದೆ. ಅವರು ಅಲಗನ್ನು ಬೆಳಕಿಗೆ ಹಿಡಿದು, ಉಗುರಿನ ಮೇಲೆ ಇಟ್ಟು ನೋಡಿ, "ಚಲೋ ಉಂಟು" ಅಂದರು. ಒಂದು ವಾರಕ್ಕೆ ಮಾಡಿಕೊಟ್ಟದ್ದು 5 ಮಿಲಿಮೀಟರ್ ದಪ್ಪ. ಪುಟ್ಟ ಕತ್ತಿಯೇ ಅದು.

"ಇನ್ನೂ ತೆಳು ಬೇಕಿತ್ತು."

"ತೆಳು ಮಾಡಿದ್ರೆ ತೆಂಗಿನಕಾಯಿಗೆ ಹೊಡೆದಾಗ ಬಾಯಿ ಮುರೀತದೆ ಅಮ್ಮಾ."

"ಹೊಡೆಯೋದಕ್ಕೆ ಕತ್ತಿ ಇದೆ. ಇದು ಕೊಯ್ಯೋದಕ್ಕೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಪಟ್ಟಿಯನ್ನೇ ಬೇರೆ ಮಾತಿನಲ್ಲಿ ಕೇಳಿದರು. ನಾರಿಗಾ? ಹೌದು. ಎಲೆಗಾ? ಹೌದು. ಕಡ್ಡಿ ಹೆರೆಯಲಿಕ್ಕಾ? ಹೌದು. ಬಡಿಯಲಿಕ್ಕೆ ಇಲ್ಲ? ಇಲ್ಲ. "ಹಾಂಗಾದ್ರೆ ಬೇರೆ ಹದ ಬೇಕು" ಅಂದರು. ಕತ್ತಿಗೆ ಹಾಕುವ ಹದ ಮೆತ್ತಗಿನದು, ಪೆಟ್ಟು ತಡೆಯಬೇಕಲ್ಲ. ಕೊಯ್ಯುವುದಕ್ಕೆ ಸ್ವಲ್ಪ ಗಟ್ಟಿ ಬಿಡಬಹುದು. ಉಜ್ಜಿ ಹೊಳಪು ಮಾಡಿದ ಅಲಗನ್ನು ಮತ್ತೆ ಕಾಯಿಸುವಾಗ ಬೆನ್ನಿಂದ ಬಾಯಿಯ ಕಡೆಗೆ ಬಣ್ಣ ಓಡುತ್ತದೆ. ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ. ಕತ್ತಿಯಾದರೆ ನೀಲಿಯ ಹತ್ತಿರದ ತನಕ ಬಿಡುತ್ತಾರೆ. ನನ್ನದನ್ನು ಹಳದಿ ಕಂದಿಗೆ ತಿರುಗುವಾಗಲೇ ನೀರಿಗೆ ಅದ್ದಿದರು. ನಾನು ಇಪ್ಪತ್ತು ವರ್ಷ ಲೋಹಗಳ ಪಾಠ ಮಾಡಿದ್ದೇನೆ. ಈ ಬಣ್ಣಗಳನ್ನು ಕಣ್ಣಾರೆ ನೋಡಿದ್ದು ಅವತ್ತೇ.

ಎರಡನೆಯದು 3 ಮಿಲಿಮೀಟರ್ ಬಂತು. ಬಾಲ ಹಿಡಿಯ ಪೂರ್ತಿ ಉದ್ದಕ್ಕೆ, ಹಿಡಿ ಹಲಸಿನ ಮರದ್ದು, ನನ್ನ ಅಂಗೈಗೆ ಅಳತೆ ಮಾಡಿಯೇ. ಒರೆ ನಮ್ಮನೆಯವರು ಹಳೇ ಪಿವಿಸಿ ಪೈಪ್ ಬಿಸಿ ಮಾಡಿ ಚಪ್ಪಟೆ ಮಾಡಿ ಕೊಟ್ಟರು. ಚರ್ಮದ್ದು ನಮ್ಮ ಮಳೆಗೆ ಬೂಸು ಹಿಡಿಯುತ್ತದೆ. ಕೊನೆಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆಯ ಚೊಗರು ತಾಗಿ ಈ ಚಾಕು ಎರಡೇ ದಿನಕ್ಕೆ ಮಸಿಯಷ್ಟು ಕಪ್ಪಾಯಿತು. ಚೊಗರಿನ ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಆಗುವುದು ಮಸಿಯೇ. ಅದು ಕೆಡುಕಲ್ಲ. ತೊಳೆದು, ಒರೆಸಿ, ತೆಂಗಿನೆಣ್ಣೆ ಸವರಿ ಇಟ್ಟರೆ ಆಯ್ತು. ಒರೆಯೊಳಗೆ ಒದ್ದೆ ಇಡಬಾರದು, ಅಷ್ಟೇ. ಬಾಯಿ ನಿಲ್ಲುವುದರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಬೇಸಿಗೆಯಲ್ಲಿ ಕೈ ಹೋಗುವುದು ಕುಲುಮೆಯದ್ದಕ್ಕೆ, ಮಳೆಯಲ್ಲಿ ಸ್ವೀಡನ್ನಿನದ್ದಕ್ಕೆ.

ಈ ಸಲ ಮೇ ಕೊನೆಯ ವಾರ ಅಡಿಕೆಯ ಕೊಳೆ ರೋಗಕ್ಕೆ ಮೊದಲ ಔಷಧಿಯ ತಯಾರಿ ಆಯ್ತು. 100 ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ಕಡಿಮೆಯಾದರೆ ಹುಳಿ ಉಳಿದು ಅಡಿಕೆ ಕೊನೆ ಸುಡುತ್ತದೆ. ಅದನ್ನು ನೋಡಲು ಕತ್ತಿಯ ಬಾಯಿಯನ್ನು ದ್ರಾವಣಕ್ಕೆ ಅದ್ದುವುದು ನಮ್ಮಲ್ಲಿ ಹಳೆಯ ರೂಢಿ. ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ. ನಾನು ಹತ್ತನೇ ಕ್ಲಾಸಿಗೆ ಮೊಳೆ ಹಾಕಿ ತೋರಿಸುವುದೂ ಇದನ್ನೇ. ಭಾವ ಡ್ರಮ್ಮಿನ ಹತ್ತಿರ ನಿಂತು ನನ್ನ ಸೊಂಟದ ಸ್ವೀಡನ್ ಚಾಕು ಕೇಳಿದರು. ಅದು ಬೇಡ ಅಂದೆ. ಕ್ರೋಮಿಯಂ ಪದರ ಅಡ್ಡ ಬಂದು ತಾಮ್ರ ಕೂರದೇ ಇದ್ದರೆ ಸುಣ್ಣ ಸಾಕು ಅಂತ ನಾವು ಮೋಸ ಹೋಗುತ್ತೇವೆ. ಕುಲುಮೆಯ ಚಾಕುವೂ ಬೇಡ, ಅದರ ಮೇಲೆ ಎಣ್ಣೆ ಇದೆ. ಕಟ್ಟೆಯ ಮೇಲಿದ್ದ ಹಳೇ ಕತ್ತಿಯ ಬಾಯಿಯನ್ನು ಕಲ್ಲಿಗೆ ನಾಲ್ಕು ಸಲ ಉಜ್ಜಿ ಕೊಟ್ಟೆ. ಅದ್ದಿ ತೆಗೆದಾಗ ಉಜ್ಜಿದ ಜಾಗದಲ್ಲಿ ತೆಳುವಾಗಿ ಕೆಂಪು ಕಂಡಿತು. ಇನ್ನರ್ಧ ಬಕೆಟ್ ಸುಣ್ಣದ ನೀರು ಸುರಿದು ಮತ್ತೆ ಕಲಕಿದೆವು.