136 ಗ್ರಾಂ

ನಮ್ಮ ಬೆಕ್ಕು ಬೀರುವಿನ ಕೆಳಗಿನ ಖಾನೆಯಲ್ಲಿ ನಾಲ್ಕು ಮರಿ ಹಾಕಿತು. ಮೂರು ಗಟ್ಟಿಮುಟ್ಟಾಗಿದ್ದವು. ನಾಲ್ಕನೆಯದು ನೋಡಲು ಥೇಟ್ ಇಲಿಮರಿ. ನಗುತ್ತಲೇ ಅದಕ್ಕೆ ಚೋಟು ಅಂತ ಹೆಸರಿಟ್ಟೆ. ಆದರೆ ಇದು ಉಳಿಯೋದು ಕಷ್ಟ ಅಂತ ಒಳಗೊಳಗೇ ಅನ್ನಿಸಿತ್ತು.

ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಬಟ್ಟಲಿಟ್ಟು, ಅದರಲ್ಲಿ ಬಟ್ಟೆ ಹಾಸಿ, ಸೊನ್ನೆಗೆ ತಂದು ಒಂದೊಂದನ್ನೇ ತೂಗಿದೆ. ಬೂದು ಬಣ್ಣದ್ದು, ಅಂದರೆ ನಮ್ಮ ಬೂದಿ, 112. ಉಳಿದೆರಡು 108, 104. ಚೋಟು 81. ಹುಟ್ಟಿದ ಮರಿ ಸಾಮಾನ್ಯವಾಗಿ 100 ಗ್ರಾಂ ಆಸುಪಾಸು ಇರುತ್ತದೆ, ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಇಷ್ಟು ಗೊತ್ತಿತ್ತು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ತೂಗಿ ಕ್ಯಾಲೆಂಡರ್ ಮೇಲೆ ಬರೆಯತೊಡಗಿದೆ. ನನ್ನ ಕಣ್ಣೆಲ್ಲ ಚೋಟು ಮೇಲೆ. ಅದು ಮಾತ್ರ 90, 101, 112 ಅಂತ ಏರುತ್ತಲೇ ಹೋಯಿತು. ಯಾರ ತಲೆ ತುಳಿದಾದರೂ ಸರಿ, ಮೊಲೆಗೆ ಬಾಯಿ ಹಾಕಿಯೇ ಹಾಕುತ್ತಿತ್ತು.

ಬೂದಿಯ ಬಗ್ಗೆ ಚಿಂತೆಯೇ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡದು, ಗಲಾಟೆ ಇಲ್ಲ, ಒಂದು ಮೂಲೆಯಲ್ಲಿ ಸುಮ್ನೆ ಮಲಗಿರುತ್ತಿತ್ತು. ಎಷ್ಟು ಒಳ್ಳೆ ಮರಿ ಅಂತ ಹೊಗಳಿದ್ದೂ ಉಂಟು. ಐದನೇ ದಿನ ತೂಕ ಬರೆಯುವಾಗ ಕೈ ನಿಂತಿತು. 112, 125, 138, 139, ಈಗ 136. ಚೋಟು ಆಗಲೇ 124.

ನಾಲ್ಕನೇ ದಿನ ಒಂದೇ ಗ್ರಾಂ ಏರಿದ್ದಾಗಲೇ ಎಚ್ಚರವಾಗಬೇಕಿತ್ತು. ಬರೆದಿದ್ದೆ, ಓದಿರಲಿಲ್ಲ.

ಓಡಿಹೋಗಿ ಹಸುವಿನ ಹಾಲು ಬಿಸಿಗಿಟ್ಟೆ. ಹಾಗೇ ಪಶುವೈದ್ಯೆಗೆ ಫೋನ್ ಮಾಡಿದೆ.

"ಮೊದಲು ಬಾಯೊಳಗೆ ಬೆರಳಿಟ್ಟು ನೋಡಿ," ಅಂದರು.

"ತಣ್ಣಗಿದೆ ಡಾಕ್ಟ್ರೇ."

"ಹಾಗಾದ್ರೆ ಈಗ ಹಾಲು ಬೇಡ. ಬೆಚ್ಚಗೆ ಮಾಡಿ ಕರ್ಕೊಂಡು ಬನ್ನಿ. ಒಲೆ ಮೇಲಿರೋದನ್ನ ನೀವೇ ಕುಡೀರಿ."

ಮೊದಲ ಕೆಲವು ವಾರ ಮರಿಗೆ ತನ್ನ ಮೈಶಾಖ ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ. ಮೈ ತಣ್ಣಗಾದರೆ ಹೊಟ್ಟೆಯೂ ಕೆಲಸ ನಿಲ್ಲಿಸುತ್ತದೆ, ಕುಡಿದದ್ದು ಅರಗುವುದಿಲ್ಲ. ಬೂದಿ ಬಟ್ಟೆಯಿಂದಾಚೆ ಉರುಳಿ ಬರೀ ಹಲಗೆ ಮೇಲೆ ಮಲಗಿತ್ತು. ತಣ್ಣಗಾಗಿ ಚೀಪುವುದು ಬಿಟ್ಟಿತು, ಚೀಪದೆ ಇನ್ನೂ ತಣ್ಣಗಾಯಿತು. ನಾನು ಅದನ್ನೇ ಒಳ್ಳೆತನ ಅಂದುಕೊಂಡಿದ್ದೆ! ಹಸುವಿನ ಹಾಲೂ ತಪ್ಪೇ: ಬೆಕ್ಕಿನ ಹಾಲಿನಷ್ಟು ಪ್ರೋಟೀನ್, ಕೊಬ್ಬು ಅದರಲ್ಲಿಲ್ಲ, ಜೊತೆಗೆ ಭೇದಿ ಬೇರೆ.

ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ, ಎದೆಗವಚಿಕೊಂಡು ಹೋದೆ. ಅಲ್ಲಿಂದ ಬೆಕ್ಕಿನ ಮರಿಗಳಿಗೆಂದೇ ಇರುವ ಹಾಲಿನ ಪುಡಿ ತಂದೆ. ಎರಡೆರಡು ಗಂಟೆಗೊಮ್ಮೆ, ರಾತ್ರಿಯೂ. ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬಾರದು, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗಾಗಿ ಕೂರಿಸಿ ಕುಡಿಸಬೇಕು. ಕುಡಿಸುವ ಮೊದಲೊಮ್ಮೆ, ಆಮೇಲೊಮ್ಮೆ ತೂಕ. ಮೊದಲ ಸಲ 2 ಗ್ರಾಂ ಜಾಸ್ತಿ ಬಂತು. ಆ 2 ಗ್ರಾಂಗೆ ನಾನು ಅತ್ತುಬಿಟ್ಟೆ, ನಿದ್ದೆಗೆಟ್ಟಿದ್ದೂ ಕಾರಣ ಇರಬಹುದು. ಮರುದಿನ 138. ಅದರ ಮರುದಿನ 147. ಅಮ್ಮನ ಮೊಲೆಗೆ ವಾಪಸ್ ಹೋದ ಮೇಲೆ ನನ್ನ ಬಾಟಲಿ ಕಂಡರೆ ಮುಖ ತಿರುಗಿಸತೊಡಗಿತು.

ಚೋಟುವಿನದು ಇನ್ನೊಂದು ಕಥೆ. ಐದು ವಾರಕ್ಕೆ ಹೊಟ್ಟೆ ನಗಾರಿ ಥರ ಉಬ್ಬಿತ್ತು. ಚೆನ್ನಾಗಿ ತಿಂದಿದೆ ಅಂತ ಖುಷಿಪಟ್ಟೆ. ಬೆನ್ನು ಸವರಿದರೆ ಮೂಳೆ ಎಣಿಸಬಹುದು. ಹುಳ! ಎರಡು-ಮೂರು ವಾರಕ್ಕೇ ಔಷಧಿ ಶುರು ಮಾಡಬೇಕಿತ್ತಂತೆ. ಅದರ ಅಳತೆಯೂ ತೂಕ ನೋಡಿಯೇ.

ಎಂಟು ವಾರಕ್ಕೆ ಕೊನೆಯ ಸಲ ತೂಗಿದೆ. ಬೂದಿ ಬಟ್ಟಲಿಗೆ ಹಿಡಿಸಲಿಲ್ಲ. ಬಾಲ ಆಚೆ, ಒಂದು ಕಾಲು ತಕ್ಕಡಿಯ ಗುಂಡಿ ಮೇಲೆ. 640, 910, 875... ಅಂಕಿ ನಿಲ್ಲುವ ಮೊದಲೇ ಹಾರಿ ಓಡಿತು. ಖಾಲಿ ಬಟ್ಟಲಿಗೆ ಚೋಟು ಬಂದು ಕೂತಿತು.