ಕೇಜ್ ಕೆಳಗಿಳಿಸಿದ ದಿನ

ಕಾರು ಪಲ್ಟಿಯಾದರೂ ಒಳಗಿರುವವರು ಜಜ್ಜಿಹೋಗದಂತೆ ರೇಸ್ ಕಾರಿನೊಳಗೆ ಕಟ್ಟುವ ಉಕ್ಕಿನ ಪೈಪುಗಳ ಹಂದರವೇ ರೋಲ್ ಕೇಜ್. ಅದನ್ನು ಕಟ್ಟುವವರಿಗೆ ಅತ್ಯಂತ ಕಷ್ಟ ಕೊಡುವ ಜಾಗವೆಂದರೆ ಕಾರಿನ ಚಾವಣಿಗೂ ಅದರ ಕೆಳಗೆ ಹಾಯುವ ಪೈಪಿಗೂ ನಡುವೆ ಉಳಿಯುವ ಎರಡು ಬೆರಳಿನಷ್ಟು ಸಂದು. ಕೇಜ್ ಚಾವಣಿಗೆ ಹತ್ತಿರವಾದಷ್ಟೂ ಹೆಲ್ಮೆಟ್ ತೊಟ್ಟ ತಲೆಗೂ ಉಕ್ಕಿಗೂ ಇರುವ ಅಂತರ ಹೆಚ್ಚುತ್ತದೆ. ಆದರೆ ಹತ್ತಿರವಾದಷ್ಟೂ ಪೈಪುಗಳು ಕೂಡುವ ಮೇಲ್ಭಾಗಕ್ಕೆ ವೆಲ್ಡಿಂಗ್ ಟಾರ್ಚ್ ಹೋಗುವುದಿಲ್ಲ. ಕೈಗೆಟುಕುವ ಕೆಳಗಿನ ಅರ್ಧಕ್ಕೆ ಮಾತ್ರ ಬೆಸುಗೆ ಹಾಕಿ, ಮೇಲಿನ ಅರ್ಧವನ್ನು ಹಾಗೆಯೇ ಬಿಟ್ಟು ಬಣ್ಣ ಬಳಿದ ಕೇಜ್‌ಗಳನ್ನು ನಾನು ನೋಡಿದ್ದೇನೆ. ಕಾರು ಪಲ್ಟಿಯಾದಾಗ ಭಾರ ಬಂದು ಬೀಳುವುದು ಆ ಮೇಲಿನ ಕೂಡುಗಳ ಮೇಲೆಯೇ. ನಮ್ಮ ಕಾರಿನಲ್ಲಿ ಪ್ರತಿಯೊಂದು ಕೂಡಿಗೂ ಸುತ್ತಲೂ ಪೂರ್ತಿ ಬೆಸುಗೆ ಬೀಳಲೇಬೇಕೆಂದು ಮೊದಲೇ ನಿರ್ಧರಿಸಿದ್ದೆ. ಅದಕ್ಕಾಗಿ ಏಪ್ರಿಲ್ ತಿಂಗಳ ಒಂದು ದಿನ, ಆಲ್ದೂರಿನ ಬಳಿಯ ನಮ್ಮ ತೋಟದ ಮನೆಯಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ.

ಚಿಕ್ಕಮಗಳೂರಿನಲ್ಲಿ ಕೇಜ್ ಹಾಕಿದ ಕಾರೆಂದರೆ ಎಲ್ಲರ ಮನಸ್ಸಿಗೂ ಮೊದಲು ಬರುವುದು ರ‍್ಯಾಲಿ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ನಮ್ಮ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ನಡೆಯುತ್ತ ಬಂದಿವೆ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಕೂಡ ಇಲ್ಲಿಯೇ ನಡೆಯಿತು. ಆ ವರ್ಷದ ಚಾಂಪಿಯನ್ ಆದ ಗೌರವ್ ಗಿಲ್ ಅವರು 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಮೋಟಾರ್ ಕ್ರೀಡೆಗೆ ಆ ಗೌರವ ಸಂದದ್ದು ಅದೇ ಮೊದಲು. ರ‍್ಯಾಲಿ ಕಾರುಗಳ ಬಾಗಿಲು ತೆರೆದಾಗ ಒಳಗೆ ಕಾಣುವ ಪೈಪುಗಳ ಹಂದರವನ್ನು ದೂರದಿಂದ ನೋಡಿ ಬೆಳೆದವನು ನಾನು. ಆದರೆ ನನ್ನ ಆಸೆ ಮಣ್ಣಿನದಲ್ಲ, ಡಾಂಬರಿನದು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಸುಮಾರು 2.1 ಕಿಲೋಮೀಟರಿನ ಸಣ್ಣ ಟ್ರ್ಯಾಕ್. ಕಡಿಮೆ ಶಕ್ತಿಯ ಹಗುರ ಕಾರು ಅಲ್ಲಿ ಚೆನ್ನಾಗಿ ಓಡುತ್ತದೆ, ಓಡಿಸುವವನಿಗೆ ಚೆನ್ನಾಗಿ ಕಲಿಸುತ್ತದೆ.

ಕಾರು ಹಳೆಯ ಮಾರುತಿ ಎಸ್ಟೀಮ್. 1298 ಸಿಸಿ ಎಂಜಿನ್, ಸುಮಾರು 85 ಅಶ್ವಶಕ್ತಿ. ತಯಾರಿಕೆ 2007ರಲ್ಲಿಯೇ ನಿಂತಿದ್ದರೂ ಅದರ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ನಮ್ಮಲ್ಲಿ ಇಂದಿಗೂ ಸಿಗುತ್ತಾರೆ. ನಾನೂ ತಮ್ಮನೂ ಸೇರಿ ಸೀಟು, ಡ್ಯಾಶ್‌ಬೋರ್ಡ್, ಗಾಜು, ಹಿಂಸೀಟಿನ ಕೆಳಗಿನ ಪೆಟ್ರೋಲ್ ಟ್ಯಾಂಕು, ವೈರಿಂಗ್ ಎಲ್ಲವನ್ನೂ ಕಳಚಿ, ನೆಲದ ತಗಡಿಗೆ ಅಂಟಿದ್ದ ಕಪ್ಪು ಲೇಪವನ್ನು ಕೆರೆದು ತೆಗೆದು, ಬರಿಯ ತಗಡಿನ ದೇಹವನ್ನಷ್ಟೇ ಉಳಿಸಿಕೊಂಡೆವು. ವೆಲ್ಡಿಂಗ್ ಕಿಡಿಗೆ ಹೊತ್ತಿಕೊಳ್ಳಬಹುದಾದ ಯಾವುದೂ ಅದರೊಳಗೆ ಇರಬಾರದು.

ಪೈಪಿನ ವಿಷಯದಲ್ಲಿ ಸ್ವಲ್ಪ ವಿವರವಾಗಿಯೇ ಬರೆಯಬೇಕು. ಅಂತಾರಾಷ್ಟ್ರೀಯ ಮೋಟಾರ್ ಒಕ್ಕೂಟವಾದ ಎಫ್‌ಐಎ ತನ್ನ ನಿಯಮಾವಳಿಯ ಜೆ ಅನುಬಂಧದ 253ನೆಯ ವಿಧಿಯಲ್ಲಿ ಕೇಜ್ ಹೇಗಿರಬೇಕೆಂದು ಸ್ಪಷ್ಟವಾಗಿ ಹೇಳಿದೆ. ಪೈಪು ಹೊಲಿಗೆಯಿಲ್ಲದೆ, ಅಂದರೆ ಉದ್ದಕ್ಕೂ ಬೆಸೆದ ಗೆರೆಯಿಲ್ಲದೆ, ತಣ್ಣಗೆ ಎಳೆದ ಇಂಗಾಲದ ಉಕ್ಕಾಗಿರಬೇಕು. ಎಳೆತವನ್ನು ತಾಳುವ ಅದರ ಶಕ್ತಿ ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 350 ನ್ಯೂಟನ್ ಇರಬೇಕು. ಚಾಲಕನ ಬೆನ್ನ ಹಿಂದೆ ನಿಲ್ಲುವ ಮುಖ್ಯ ಕಮಾನು ಒಂದೇ ತುಂಡಿನದಾಗಿದ್ದು 45 ಮಿ.ಮೀ. ವ್ಯಾಸ ಹಾಗೂ 2.5 ಮಿ.ಮೀ. ದಪ್ಪ, ಇಲ್ಲವೇ 50 ಮಿ.ಮೀ. ವ್ಯಾಸ ಹಾಗೂ 2 ಮಿ.ಮೀ. ದಪ್ಪ ಇರಬೇಕು. ಲೆಕ್ಕ ಹಾಕಿದರೆ 50ರ ಪೈಪು ಮೀಟರಿಗೆ ಸುಮಾರು 2.4 ಕಿಲೋ, 45ರ ಪೈಪು ಸುಮಾರು 2.6 ಕಿಲೋ ತೂಗುತ್ತದೆ. ಅಂದರೆ ದೊಡ್ಡ ಪೈಪು ಹಗುರವೂ ಹೌದು, ಬಾಗುವಿಕೆಯನ್ನು ಹೆಚ್ಚು ತಡೆಯುತ್ತದೆ ಕೂಡ. ಹಾಗಿದ್ದರೂ ನಾನು 45ನ್ನೇ ಆರಿಸಿದೆ. ಎಸ್ಟೀಮ್‌ನ ಚಾವಣಿ ತಗ್ಗು, ಅಲ್ಲಿ 5 ಮಿ.ಮೀ. ಉಳಿದರೂ ಲಾಭವೇ, ಮೇಲಾಗಿ ಮನೆಯ ಶೆಡ್ಡಿನಲ್ಲಿ ನಡೆಯುವ ಬೆಸುಗೆಗೆ 2 ಮಿ.ಮೀ. ಗೋಡೆಗಿಂತ 2.5 ಮಿ.ಮೀ. ಗೋಡೆ ಹೆಚ್ಚು ಭರವಸೆಯದು. ಉಳಿದ ಭಾಗಗಳಿಗೆ 38 ಮಿ.ಮೀ. ವ್ಯಾಸದ, ಅಷ್ಟೇ ದಪ್ಪದ ಪೈಪು. ಗೇಟು, ಕಿಟಕಿ ಗ್ರಿಲ್ಲುಗಳಿಗೆ ಬಳಸುವ ಪೈಪು ಪೇಟೆಯಲ್ಲಿ ಅರ್ಧ ಬೆಲೆಗೆ ಸಿಗುತ್ತದೆ. ಅದಕ್ಕೆ ಉದ್ದಕ್ಕೂ ಹೊಲಿಗೆಯಿರುತ್ತದೆ, ಅದು ಎಂಥ ಉಕ್ಕೆಂದು ಹೇಳುವ ಕಾಗದವೂ ಇರುವುದಿಲ್ಲ. ಬೆಂಗಳೂರಿನ ಪೀಣ್ಯದಿಂದ ಪರೀಕ್ಷಾ ಪತ್ರದ ಸಮೇತ ಪೈಪು ತರಿಸಿದೆವು.

ಬಾಗಿಸುವುದನ್ನೂ ಅಲ್ಲಿಯೇ ಮಾಡಿಸಿದೆವು. ಸಾಮಾನ್ಯ ಹೈಡ್ರಾಲಿಕ್ ಯಂತ್ರದಲ್ಲಿ ಒತ್ತಿದರೆ ಪೈಪಿನ ಒಳಬದಿ ನೆರಿಗೆಗಟ್ಟುತ್ತದೆ. ನಿಯಮದ ಪ್ರಕಾರ ಬಾಗಿನ ತ್ರಿಜ್ಯ ಪೈಪಿನ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆಯಾಗಬಾರದು, ಅಂದರೆ ನಮ್ಮ ಪೈಪಿಗೆ 135 ಮಿ.ಮೀ.; ಬಾಗಿದ ಕಡೆ ಪೈಪು ಅಂಡಾಕಾರಕ್ಕೆ ತಿರುಗಿದ್ದರೆ ಕಿರಿಯ ವ್ಯಾಸವು ಹಿರಿಯ ವ್ಯಾಸದ ಹತ್ತರಲ್ಲಿ ಒಂಬತ್ತು ಪಾಲಾದರೂ ಇರಬೇಕು. ಕಾರಿನೊಳಗೆ ಸಣ್ಣ ಕಬ್ಬಿಣದ ಸಲಾಕೆಯನ್ನು ಬಾಗಿಸಿ ಮಾದರಿ ಮಾಡಿಕೊಂಡು ಹೋಗಿದ್ದೆ. ಕಮಾನು ಬಂದಾಗ ವರ್ನಿಯರ್ ಹಿಡಿದು ಪ್ರತಿ ಬಾಗನ್ನೂ ಅಳೆದು ನೋಡಿದೆ.

ಆಮೇಲಿನ ದೊಡ್ಡ ಕೆಲಸ ಪೈಪಿನ ತುದಿಗಳನ್ನು ಮೀನಿನ ಬಾಯಿಯಂತೆ ಕೊರೆಯುವುದು. ಒಂದು ಪೈಪಿನ ತುದಿ ಇನ್ನೊಂದರ ದುಂಡು ಮೈಗೆ ಸಂದಿಲ್ಲದೆ ಕೂರಬೇಕು. ಕಾಗದವನ್ನು ಸುತ್ತಿ ಗುರುತು ಹಾಕಿ, ಗ್ರೈಂಡರಿನಲ್ಲಿ ಕತ್ತರಿಸಿ, ಅರದಿಂದ ಉಜ್ಜಿ, ಕೂರಿಸಿ ನೋಡಿ, ಮತ್ತೆ ಉಜ್ಜಿ, ಬೆಳಕು ತೂರದಷ್ಟು ಸರಿಹೋದ ಮೇಲೆ ಮುಂದಿನದಕ್ಕೆ ಹೋಗುವುದು. ಈ ಕೆಲಸದಲ್ಲಿ ತಮ್ಮನ ತಾಳ್ಮೆ ನನ್ನದಕ್ಕಿಂತ ದೊಡ್ಡದು. ಇಡೀ ಕೇಜ್‌ನ ಗುಣ ಅವನ ಅರದಲ್ಲಿದೆ ಎಂದು ನಾನು ನಿಜವಾಗಿಯೂ ನಂಬಿದ್ದೇನೆ. ಸಂದನ್ನು ವೆಲ್ಡಿಂಗ್ ಲೋಹದಿಂದ ತುಂಬಿಸಿದ ಕೂಡು ಹೊರಗಿನಿಂದ ದಪ್ಪವಾಗಿ, ಗಟ್ಟಿಯಾಗಿ ಕಾಣುತ್ತದೆ, ಆದರೆ ಆರುವಾಗ ಅದು ಹೆಚ್ಚು ಕುಗ್ಗಿ ಇಡೀ ಹಂದರವನ್ನು ಎಳೆದು ಓರೆ ಮಾಡುತ್ತದೆ.

ಏಪ್ರಿಲ್‌ವರೆಗೆ ಕಾದದ್ದು ಕಣಕ್ಕಾಗಿ. ರೊಬಸ್ಟಾ ಕಾಫಿ ಒಣಗಿ ಮೂಟೆಯಾಗುವವರೆಗೆ ಕಣದ ಮೇಲೆ ಬೇರೆ ಯಾವುದಕ್ಕೂ ಜಾಗವಿಲ್ಲ, ಜೂನ್ ಬಂದರೆ ಮಲೆನಾಡಿನ ಮಳೆಗೆ ಬರಿಯ ಉಕ್ಕು ರಾತ್ರಿ ಬೆಳಗಾಗುವುದರೊಳಗೆ ಕೆಂಪಗಾಗುತ್ತದೆ. ಕಣ ಸಮತಟ್ಟಾಗಿ ಕಂಡರೂ ನೀರು ಹರಿದುಹೋಗಲೆಂದು ಅದಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಆದ್ದರಿಂದ ಕಾರನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿ, ಗಾರೆಯವರು ಬಳಸುವ ನೀರು ತುಂಬಿದ ಪಾರದರ್ಶಕ ಟ್ಯೂಬು ಹಿಡಿದು ನಾಲ್ಕು ಮೂಲೆಗಳನ್ನೂ ಒಂದೇ ಮಟ್ಟಕ್ಕೆ ತಂದೆವು. ಮುಖ್ಯ ಕಮಾನು ಲಂಬದಿಂದ 10 ಡಿಗ್ರಿಗಿಂತ ವಾಲಬಾರದೆಂಬುದು ನಿಯಮ; ತೂಗುಗುಂಡು ಇಳಿಬಿಟ್ಟು ನಾವು ಅದನ್ನು ನೇರವಾಗಿಯೇ ನಿಲ್ಲಿಸಿದೆವು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಿರುವ ಪಲ್ಪರ್ ಮನೆಗೆ ಮೂರು ಫೇಸಿನ ವಿದ್ಯುತ್ ಇದ್ದದ್ದು ಇನ್ನೊಂದು ಅನುಕೂಲ. ತೋಟದ ಕೊನೆಯ ಮನೆಗಳಲ್ಲಿ ಸಂಜೆ ವೋಲ್ಟೇಜ್ ಕುಸಿಯುತ್ತದೆ. ಕರೆಂಟು ಏರಿಳಿದರೆ ಬೆಸುಗೆ ಮೇಲೆ ಕೂರುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ.

ವೆಲ್ಡಿಂಗ್ ಅಣ್ಣ ಪೇಟೆಯಲ್ಲಿ ಪಲ್ಪರ್ ರಿಪೇರಿ, ತೋಟದ ಗೇಟು, ಟ್ರೇಲರ್ ಕೆಲಸಗಳಲ್ಲಿ ಹೆಸರು ಮಾಡಿದವರು. ಅವರ ಕೈಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೂ ಕಾರಿಗೆ ಕೈಹಾಕುವ ಮೊದಲು ಅದೇ ಪೈಪಿನ ಎರಡು ತುಂಡುಗಳನ್ನು ಕೂಡಿಸಿ ಕೊಡಿ, ಗರಗಸದಿಂದ ಅಡ್ಡ ಸೀಳಿ ಒಳಗನ್ನು ನೋಡೋಣ ಎಂದು ಕೇಳಿಕೊಂಡೆ. ಬೇಸರಪಡುತ್ತಾರೇನೋ ಎಂದುಕೊಂಡಿದ್ದವನಿಗೆ ಅವರು ಹೇಳಿದ್ದು ಇಷ್ಟೇ: "ಸೀಳು ಮಾರಾಯ. ನಂಗೂ ನೋಡ್ಬೇಕು." ಮೊದಲ ತುಂಡಿನಲ್ಲಿ ಬೆಸುಗೆ ಕೂಡಿನ ತಳದವರೆಗೆ ಸಾಕಷ್ಟು ಇಳಿದಿರಲಿಲ್ಲ. ಅವರು ಕರೆಂಟು ಏರಿಸಿ, ಕರಗಿ ಬೆಸುಗೆಯಾಗುವ ತಂತಿಯ ವೇಗ ಬದಲಾಯಿಸಿ, ಇನ್ನೊಂದು ಮಾಡಿದರು. ಸೀಳಿದ ಮೈಯನ್ನು ನಯವಾಗಿ ಉಜ್ಜಿ ನೋಡಿದಾಗ ಎರಡು ಪೈಪುಗಳ ನಡುವೆ ಗೆರೆಯೇ ಕಾಣಲಿಲ್ಲ. ಆ ಹೊಂದಿಕೆಯನ್ನು ಯಂತ್ರದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟರು.

ಅಂದು ಬೆಳಿಗ್ಗೆ ಬೇಗ ಶುರುಮಾಡಿದೆವು. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವ ಕಾಲ. ಗುಡುಗಿದರೆ ಕರೆಂಟು ಹೋಗುತ್ತದೆ. ಕೇಜ್ ಆಗಲೇ ತನ್ನ ನಿಜವಾದ ಎತ್ತರದಲ್ಲಿ ನಿಂತಿತ್ತು. ಮುಖ್ಯ ಕಮಾನು, ಗಾಜಿನ ಪಕ್ಕದಲ್ಲಿ ಇಳಿಯುವ ಎರಡು ಮುಂಗಾಲುಗಳು, ಗಾಜಿನ ಮೇಲಿನ ಅಡ್ಡಪೈಪು, ಚಾವಣಿಯ ಕರ್ಣಗಳು ಎಲ್ಲವೂ ಚಿಕ್ಕ ಚುಕ್ಕೆ ಬೆಸುಗೆಗಳಲ್ಲಿ ಹಿಡಿದುಕೊಂಡಿದ್ದವು. ನಾಲ್ಕೂ ಕಾಲುಗಳ ಕೆಳಗೆ ಡಬ್ಬಿಯಾಕಾರದ ಉಕ್ಕಿನ ಪೀಠಗಳಿದ್ದವು, ಅವನ್ನಿನ್ನೂ ನೆಲಕ್ಕೆ ಬೆಸೆದಿರಲಿಲ್ಲ. ಪೀಠಗಳನ್ನು ಎಳೆದು ತೆಗೆದು, ಅವು ಮುಚ್ಚಿಕೊಳ್ಳುವ ಜಾಗದ ಒಳಗೇ ನೆಲದ ತಗಡಿನಲ್ಲಿ ಪೈಪಿಗಿಂತ ತುಸು ದೊಡ್ಡ ತೂತು ಕೊರೆದು, ಇಡೀ ಹಂದರವನ್ನು ಆ ತೂತುಗಳ ಮೂಲಕ ಕೆಳಕ್ಕೆ ಇಳಿಸುವುದು ನಮ್ಮ ಯೋಜನೆ. ರೇಸ್ ಕಾರು ಕಟ್ಟುವವರು ಇದನ್ನು ಹಿಂದಿನಿಂದಲೂ ಮಾಡುತ್ತ ಬಂದಿದ್ದಾರೆ. ನಮ್ಮ ಕಣದಲ್ಲಿ ಮಾತ್ರ ಅದು ಹೊಸದು.

ನಾನು, ತಮ್ಮ, ಅಪ್ಪ ಮತ್ತು ತೋಟದ ಇಬ್ಬರು ಒಂದೊಂದು ಕಡೆ ಹಿಡಿದೆವು. ಚುಕ್ಕೆ ಬೆಸುಗೆಗಳು ಸಿಡಿಯದಂತೆ ಎಲ್ಲರೂ ಒಟ್ಟಿಗೆ, ನಿಧಾನವಾಗಿ ಇಳಿಸಬೇಕಿತ್ತು. ಅಪ್ಪ ಹೂಂ ಎಂದಾಗ ಒಂದು ಬೆರಳು ಇಳಿಸುವುದು, ನಿಲ್ಲುವುದು, ರಸಮಟ್ಟ ನೋಡುವುದು, ಮತ್ತೆ ಇಳಿಸುವುದು. ಕಾಲುಗಳು ಕಾರಿನ ಹೊಟ್ಟೆಯ ಕೆಳಗೆ ಹಾಯ್ದು ಮರದ ತುಂಡುಗಳ ಮೇಲೆ ಕೂತಾಗ ಚಾವಣಿಗೂ ಪೈಪಿಗೂ ನಡುವೆ ಸುಮಾರು ಒಂದು ಗೇಣು ಜಾಗ ತೆರೆದುಕೊಂಡಿತ್ತು. ವೆಲ್ಡಿಂಗ್ ಅಣ್ಣ ಮುಂಗಾಜಿನ ತೆರವಿನಿಂದ ಕೈ ತೂರಿಸಿ, ಪೈಪಿನ ಮೇಲ್ಮೈಯನ್ನು ಸವರಿ, "ಈಗ ಕೈ ಹೋಗ್ತದೆ. ಎಲ್ಲ ಹಾಕ್ಬಹುದು" ಎಂದರು. ನಾಲ್ಕೈದು ತಿಂಗಳು ತಲೆ ತಿಂದಿದ್ದ ಚಿಂತೆ ಆ ಮಾತಿಗೆ ಇಳಿಯಿತು.

ಕಣದ ಮೇಲೆ ಗಾಳಿ ಬೀಸುತ್ತಿತ್ತು. ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡಿನ ಮಿಶ್ರಣ ಬೆಸುಗೆಯ ಮೇಲೆ ಹೊದಿಕೆಯಾಗಿ ನಿಂತರೆ ಮಾತ್ರ ಲೋಹ ಸ್ವಚ್ಛವಾಗಿ ಕೂಡುತ್ತದೆ. ಗಾಳಿ ಅದನ್ನು ಹಾರಿಸಿದರೆ ಒಳಗೆಲ್ಲ ಸೂಜಿತೂತುಗಳು. ಟಾರ್ಪಾಲು ಕಟ್ಟಿ ಮರೆ ಮಾಡಿದೆವು. ನೆಲಕ್ಕೆ ಒದ್ದೆ ಗೋಣಿಚೀಲ ಹಾಸಿ, ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ನಾನು ಬಾಗಿಲಲ್ಲಿ ನಿಂತೆ. ಅಣ್ಣ ಒಂದು ಕೂಡಿನ ಕಾಲು ಭಾಗ ಬೆಸೆದು, ಅದು ಆರುವಷ್ಟರಲ್ಲಿ ಎದುರು ಬದಿಯ ಕೂಡಿಗೆ ಹೋಗುತ್ತಿದ್ದರು. ಎಡದಲ್ಲಿ ಎಳೆದದ್ದನ್ನು ಬಲದಲ್ಲಿ ಸರಿದೂಗಿಸುವ ಈ ಕ್ರಮವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪ್ರತಿ ಸುತ್ತಿನ ನಂತರ ತಮ್ಮ ಎರಡು ಕರ್ಣಗಳ ಉದ್ದವನ್ನು ಟೇಪಿನಲ್ಲಿ ಅಳೆದು ಕೂಗಿ ಹೇಳುತ್ತಿದ್ದ. ಅಮ್ಮ ಮಜ್ಜಿಗೆ ತಂದಾಗಲೂ ಅಣ್ಣ ಒಂದು ಕೂಡು ಮುಗಿಸದೆ ಹೊರಗೆ ಬರಲಿಲ್ಲ.

ಮೇಲಿನ ಕೂಡುಗಳೆಲ್ಲ ಮುಗಿದ ಮೇಲೆ ಜ್ಯಾಕ್ ಕೊಟ್ಟು ಹಂದರವನ್ನು ಮೇಲೆತ್ತಿ, ಪೀಠಗಳನ್ನು ಮತ್ತೆ ಕೂರಿಸಿದೆವು. ಕಾಲು ನಿಲ್ಲುವ ಕಡೆ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂಟಿಮೀಟರಿಗೆ ಕಡಿಮೆಯಿಲ್ಲದ ಉಕ್ಕಿನ ಹಲಗೆ ಬೇಕು. ಕಾರಿನ ನೆಲದ ತಗಡು ಒಂದು ಮಿಲಿಮೀಟರಿನ ಆಸುಪಾಸಿನದು. ಆ ಹಲಗೆಯಿಲ್ಲದಿದ್ದರೆ ಪಲ್ಟಿಯಾದಾಗ ಪೈಪು ತಗಡನ್ನು ತೂರಿಕೊಂಡು ಹೋಗುತ್ತದೆ, ಮೇಲಿನ ಬೆಸುಗೆ ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಾಗುವುದಿಲ್ಲ. ಹಲಗೆಯ ಅಂಚುಗಳನ್ನು ನೆಲಕ್ಕೂ ಬಾಗಿಲ ಕೆಳಗಿನ ಗಟ್ಟಿ ಪಟ್ಟಿಗೂ ಸೇರುವಂತೆ ಮಡಚಿದ್ದೆವು. ತೂತುಗಳು ಅವುಗಳ ಕೆಳಗೆ ಪೂರ್ತಿ ಮುಚ್ಚಿಹೋದವು.

ಬೆಸುಗೆ ಆರಿದ ಮೇಲೆ ಬಿರುಕು ಹುಡುಕುವ ಪರೀಕ್ಷೆ. ಮೈಯನ್ನು ಸ್ವಚ್ಛ ಮಾಡಿ ಕೆಂಪು ದ್ರಾವಣ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿಯ ಪುಡಿಯ ಸ್ಪ್ರೇ ಹೊಡೆದರೆ, ಕೂದಲೆಳೆಯಷ್ಟು ಬಿರುಕಿದ್ದರೂ ಅದರೊಳಗೆ ಉಳಿದ ಕೆಂಪು ಹೊರಗೆ ಜಿನುಗುತ್ತದೆ. ಕೇಜ್ ಕೆಳಗಿದ್ದಾಗಲೇ ಮೇಲಿನ ಕೂಡುಗಳನ್ನು ಹೀಗೆ ನೋಡಿ ಮುಗಿಸಿದ್ದೆವು, ಅವೆಲ್ಲ ಬೆಳ್ಳಗೇ ಉಳಿದಿದ್ದವು. ಈಗ ಕೆಳಗೆ ಬಲ ಮುಂಗಾಲಿನ ಪೀಠದ ಬಳಿ, ಬೆಸುಗೆ ನಿಲ್ಲಿಸಿದ ತುದಿಯ ಸಣ್ಣ ಕುಳಿಯಲ್ಲಿ ನಕ್ಷತ್ರದಂತೆ ಕೆಂಪು ಗೆರೆ ಮೂಡಿತು. ಬೆಸುಗೆಯ ಕೊನೆಯಲ್ಲಿ ಲೋಹ ಸಾಲದೆ ಕುಗ್ಗಿದಾಗ ಬರುವ ಬಿರುಕು ಅದು. ದೂರದಲ್ಲಿ ಗುಡುಗು ಕೇಳುತ್ತಿತ್ತು. ಅಣ್ಣ ಆ ಭಾಗವನ್ನು ಗ್ರೈಂಡರಿನಲ್ಲಿ ಪೂರ್ತಿ ಕೆತ್ತಿ ತೆಗೆದು, ಹೊಸದಾಗಿ ಬೆಸೆದು, ತುದಿಯಲ್ಲಿ ಕ್ಷಣಕಾಲ ನಿಂತು ಕುಳಿ ತುಂಬಿಸಿದರು. ಮತ್ತೆ ಪರೀಕ್ಷೆ ಮಾಡಿದಾಗ ಬಿಳಿಯ ಮೇಲೆ ಏನೂ ಮೂಡಲಿಲ್ಲ. ಮಳೆಯ ಮೊದಲ ಹನಿಗಳಿಗೆ ಕಾರನ್ನು ತಳ್ಳಿಕೊಂಡು ಪಲ್ಪರ್ ಮನೆಯ ಮಾಡಿನೊಳಗೆ ಸೇರಿಸಿದೆವು.

ಹಿಂದಿನ ಆಸರೆ ಪೈಪುಗಳು, ಬಾಗಿಲ ಅಡ್ಡಪೈಪುಗಳು ಮತ್ತು ಭುಜದ ಬೆಲ್ಟು ಕಟ್ಟುವ ಪೈಪು ಇನ್ನು ಆಗಬೇಕು. ಆಸರೆ ಪೈಪುಗಳು ನೇರವಾಗಿದ್ದು ಲಂಬಕ್ಕೆ ಕನಿಷ್ಠ 30 ಡಿಗ್ರಿ ಓರೆಯಿರಬೇಕು. ಅವುಗಳ ತುದಿಗೆ ಹಿಂಗಾಜಿನ ತೆರವಿನಿಂದಲೇ ಟಾರ್ಚ್ ತಲುಪುತ್ತದೆ. ತಲೆ ತಾಗಬಹುದಾದ ಕಡೆಯೆಲ್ಲ ಗಟ್ಟಿ ಪ್ಯಾಡಿಂಗ್ ಬರುತ್ತದೆ. ಬಣ್ಣ ತಿಳಿಬೂದಿಯದೇ, ಅದೂ ತೆಳ್ಳಗೆ. ಮುಂದೆಂದಾದರೂ ಬಿರುಕು ಬಿಟ್ಟರೆ ಕಪ್ಪು ಬಣ್ಣದ ಮೇಲೆ ಅದು ಕಾಣುವುದಿಲ್ಲ. ಈ ಕಾರು ಇನ್ನು ರಸ್ತೆಗೆ ಇಳಿಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿನ್ಯಾಸವನ್ನು ಹೀಗೆ ಬದಲಾಯಿಸುವುದನ್ನು ಒಪ್ಪುವುದಿಲ್ಲ. ಅಲ್ಲದೆ ಹೆಲ್ಮೆಟ್ಟಿಲ್ಲದ ತಲೆಯ ಪಕ್ಕದಲ್ಲಿ ಉಕ್ಕಿನ ಪೈಪು ಇರುವುದೇ ಅಪಾಯ. ಕೊಯಮತ್ತೂರಿಗೆ ಅದು ಪಿಕಪ್ ಹಿಂದಿನ ಟ್ರೇಲರಿನ ಮೇಲೆಯೇ ಹೋಗಬೇಕು. ಸ್ಪರ್ಧೆಗೆ ಇಳಿಸುವುದಾದರೆ ಮೋಟಾರ್ ಕ್ರೀಡೆಯ ರಾಷ್ಟ್ರೀಯ ಸಂಸ್ಥೆಯಾದ ಎಫ್‌ಎಂಎಸ್‌ಸಿಐನ ತಪಾಸಣೆಗೂ ಒಪ್ಪಿಸಬೇಕು. ಅವರಿಗೆ ತೋರಿಸಲೆಂದು ಕೇಜ್ ಕೆಳಗಿದ್ದಾಗಿನ ಪ್ರತಿ ಕೂಡಿನ ಫೋಟೋವನ್ನೂ, ಪೈಪಿನ ಪರೀಕ್ಷಾ ಪತ್ರವನ್ನೂ, ಸೀಳಿದ ಆ ಎರಡು ಮಾದರಿ ತುಂಡುಗಳನ್ನೂ ತಮ್ಮ ಒಂದು ಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದಾನೆ. ಬಾಗಿಲ ಪೈಪುಗಳಿಗೆ ವೆಲ್ಡಿಂಗ್ ಅಣ್ಣ ಬರುವ ಭಾನುವಾರ ಬರುತ್ತಾರೆ.